ಉಣ್ಣೆ ತುಳಿಯುವ ನಾಡಿನಲ್ಲಿ

ದೆಹಲಿ

ವಿಮಾನ ಹತ್ತುವ ಮೊದಲೇ ನಮ್ಮ ಹನುಮಕ್ಕನ ಕದಿರು ಸಿಕ್ಕಿಬಿತ್ತು. ತಪಾಸಣೆಯ ಯಂತ್ರದೊಳಗೆ ಹೋದ ಅವಳ ಕೈಚೀಲ ಹೊರಗೇ ಬರಲಿಲ್ಲ. ಪೊಲೀಸಿನವನೊಬ್ಬ ಅದರಿಂದ ನೂಲುವ ಕಡ್ಡಿಯನ್ನು ಎಳೆದು ತೆಗೆದು, ಬೆಳಕಿಗೆ ಹಿಡಿದು ನೋಡಿ, ಇನ್ನೊಬ್ಬನನ್ನು ಕರೆದ. ಹನುಮಕ್ಕನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಬರುವ ಕನ್ನಡವನ್ನೂ ಆಕೆ ಖರ್ಚು ಮಾಡುವುದು ಕಡಿಮೆ. ಸೊಂಟದ ಸಂಚಿಯಿಂದ ಒಂದು ಹಿಡಿ ಕರಿಯುಣ್ಣೆ ತೆಗೆದಳು, ಕದಿರನ್ನು ಅವನ ಕೈಯಿಂದ ಮೆಲ್ಲಗೆ ಇಸಿದುಕೊಂಡಳು, ತೊಡೆಗೆ ಒಮ್ಮೆ ಉಜ್ಜಿ ತಿರುಗಿಸಿ ಬಿಟ್ಟಳು. ನೂಲು ಸರಸರ ಇಳಿಯಿತು. ಸಾಲಿನಲ್ಲಿ ನಿಂತವರೆಲ್ಲ ಹೊತ್ತು ಮರೆತು ನೋಡಿದರು. ಪೊಲೀಸಿನವನೂ ನಕ್ಕ. ನಕ್ಕರೂ ಕದಿರನ್ನು ವಿಮಾನದೊಳಗೆ ಬಿಡಲಿಲ್ಲ. ಅದು ದೊಡ್ಡ ಪೆಟ್ಟಿಗೆಗಳ ಜೊತೆ ಬೇರೆ ದಾರಿಯಲ್ಲಿ ಹೋಯಿತು. ಕೈ ಖಾಲಿಯಾದ ಹನುಮಕ್ಕ ದಾರಿಯುದ್ದಕ್ಕೂ ಸೆರಗಿನ ಅಂಚನ್ನೇ ಹೊಸೆಯುತ್ತ ಕೂತಳು.

ನಾವು ಹೊರಟಿದ್ದು ಕಿರ್ಗಿಸ್ತಾನಕ್ಕೆ. ಅದು ಎಲ್ಲಿದೆ ಎಂದು ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ, ನಮಗಿಂತ ಕುರಿ ಹೆಚ್ಚಿರುವ ದೇಶ ಅಂತ. ಗುಡೇಕೋಟೆ ಕಡೆಯ ಜನಕ್ಕೆ ಅಷ್ಟು ಸಾಕು, ಮೇಲೆ ಪ್ರಶ್ನೆ ಬರುವುದಿಲ್ಲ.

ಐದು ಜನ ಹೊರಟಿದ್ದೆವು, ಐದು ತಾಲ್ಲೂಕಿನವರು. ನಮ್ಮದೊಂದು ಉಣ್ಣೆಯ ಒಕ್ಕೂಟವಿದೆ. ಕೂಡ್ಲಿಗಿ ತಾಲ್ಲೂಕಿನ ನಮ್ಮ ಗುಡೇಕೋಟೆಯ ಸುತ್ತಿನಿಂದ ಕುರಿಯ ತುಪ್ಪಟ ಹೋಗುತ್ತದೆ. ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯಲ್ಲಿ ಬಸವರಾಜ ಅದನ್ನು ಯಂತ್ರಕ್ಕೆ ಹಾಕಿ ಹಿಂಜುತ್ತಾನೆ. ಹಗರಿಬೊಮ್ಮನಹಳ್ಳಿಯ ಹನುಮಕ್ಕ ಮತ್ತು ಅವಳ ಓರಗೆಯವರು ನೂಲುತ್ತಾರೆ. ಹಡಗಲಿ ತಾಲ್ಲೂಕಿನ ಹೊಳಲಿನಲ್ಲಿ ಹಾಲಪ್ಪ ಮಾವ ಮತ್ತು ಅವರ ಓಣಿಯವರು ಮಗ್ಗಕ್ಕೆ ಕೂರುತ್ತಾರೆ. ನೇಯ್ದ ಕಂಬಳಿ ಕೊಟ್ಟೂರಿನ ನೀಲಮ್ಮನ ಅಂಗಡಿ ಸೇರುತ್ತದೆ. ಒಬ್ಬರು ಕೈಬಿಟ್ಟರೆ ಉಳಿದ ನಾಲ್ವರು ಸುಮ್ಮನೆ ಕೂರಬೇಕು. ನಾನು ಇದರ ಅಧ್ಯಕ್ಷೆ. ಅಧ್ಯಕ್ಷೆ ಅಂದರೆ, ಯಾರಿಗೆ ಯಾರ ಮೇಲೆ ಸಿಟ್ಟು ಬಂದರೂ ಫೋನು ಬರುವುದು ನನಗೆ.

ಯುಗಾದಿಯಿಂದ ಈಚೆ ಫೋನು ಜಾಸ್ತಿಯಾಗಿತ್ತು. ಪೇಟೆಯ ಗಿರಾಕಿಯೊಬ್ಬರು ಮನೆಯೊಳಗೆ ಹಾಕಿಕೊಳ್ಳುವ ಮೆತ್ತನೆಯ ಚಪ್ಪಲಿ ಕೇಳಿದರೆಂದು ನೀಲಮ್ಮ ಹೊಳಲಿನ ಕಂಬಳಿಯೊಂದನ್ನು ಕತ್ತರಿಸಿ ನಾಲ್ಕಾರು ಜೊತೆ ಹೊಲಿಸಿದ್ದಳು. ಚೆಂದವಾಗಿಯೇ ಇದ್ದವು. ಅಂಗಡಿಗೆ ಬಂದ ಹಾಲಪ್ಪ ಮಾವ ಅವನ್ನು ನೋಡಿದರು. ಅವರ ಮನೆಯಲ್ಲಿ ಬೀರಪ್ಪ ದೇವರ ಗದ್ದುಗೆಗೆ ಹಾಸುವುದು ಕಂಬಳಿ. ಮಗ್ಗಕ್ಕೆ ಹೂಡಿದ ನೂಲಿಗೆ ಅಪ್ಪಿತಪ್ಪಿ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನುಷ್ಯ ಅವರು. ಬೈಯಲಿಲ್ಲ, ಕೂಗಲಿಲ್ಲ. ಹೆಗಲ ಟವೆಲನ್ನು ಕೊಡವಿ ಮತ್ತೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟರಂತೆ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ಪ್ರಯಾಣಕ್ಕೆ ಕರೆಯಲು ನಾನು ಹೊಳಲಿಗೆ ಹೋದಾಗ ಅವರು ಹೇಳಿದ್ದು ಇಷ್ಟು: “ನೀ ಕರದಿ ಅಂತ ಬರ್ತೀನವ್ವಾ. ತಿರುಗಿ ಬರೋ ಮುಂದ ಹೇಳ್ತೀನಿ, ಹೊಳಲಿನೋರು ಇರ್ತೀವೋ ಬಿಡ್ತೀವೋ.”

ಈ ಜಗಳ ಸರಿಮಾಡಲು ಹೊರಡುವ ಮೊದಲೂ ಒಮ್ಮೆ ನೋಡಿದ್ದೆವು. ಹೊಸಪೇಟೆಯಲ್ಲಿ ಒಂದು ದಿನದ ತರಬೇತಿ, ತಂಡ ಕಟ್ಟುವುದು ಹೇಗೆ ಅಂತ. ಕಲಿಸಲು ಬಂದವನು ಒಳ್ಳೆಯ ಹುಡುಗ. ಒಬ್ಬರು ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಹಿಂದಿದ್ದವರು ಹಿಡಿಯಬೇಕು, ಆಗ ನಂಬಿಕೆ ಬೆಳೆಯುತ್ತದೆ ಎಂದ. ನೀಲಮ್ಮನ ಸರದಿ ಬಂದಾಗ ಹಿಂದೆ ನಿಂತಿದ್ದವರು ಹಾಲಪ್ಪ ಮಾವ. ನೀಲಮ್ಮ ಕಣ್ಣು ಮುಚ್ಚಲೇ ಇಲ್ಲ. “ಯಾರು ಹಿಡೀತಾರ ಅಂತ ಮೊದ್ಲು ಹೇಳ್ರಿ ಸರ, ಆಮ್ಯಾಲ ಬೀಳ್ತೀನಿ” ಎಂದಳು. ಅಲ್ಲಿಗೆ ತರಬೇತಿ ಮುಗಿದು ಊಟಕ್ಕೆ ಬಿಟ್ಟರು.

ಬಿಷ್ಕೆಕ್

ರಾಜಧಾನಿಯ ಹೆಸರು ಬಿಷ್ಕೆಕ್. ಬೀದಿಬೀದಿಗೂ ಸಾಲು ಮರ, ಮರದ ಬುಡಕ್ಕೆ ಕಾಲುವೆ. ಕಾಲುವೆಯಲ್ಲಿ ಬೆಟ್ಟದಿಂದ ಇಳಿದ ತಣ್ಣನೆಯ ನೀರು ರಸ್ತೆಯ ಪಕ್ಕದಲ್ಲೇ ಹರಿಯುತ್ತದೆ. ನಮ್ಮಲ್ಲಿ ಇಷ್ಟು ನೀರು ರಸ್ತೆ ಪಕ್ಕ ಹರಿದರೆ ಪೈಪು ಒಡೆದಿದೆ ಎಂದು ಪಂಚಾಯ್ತಿಗೆ ಫೋನು ಹೋಗುತ್ತದೆ. ಬಸವರಾಜ ಬಗ್ಗಿ ಕೈಯಿಟ್ಟು ನೋಡಿ, “ಅಕ್ಕಾರೆ, ಫ್ರಿಜ್ಜಿನ ನೀರು ಬಿಟ್ಟಂಗೈತೆ” ಎಂದ. ತಲೆಯೆತ್ತಿದರೆ ಊರ ತುದಿಯಲ್ಲಿ ಹಿಮದ ಬೆಟ್ಟ. ಸುಡು ಬೇಸಿಗೆಯಲ್ಲಿ ಜನ ತೆಳು ಅಂಗಿ ತೊಟ್ಟು ಓಡಾಡುತ್ತಿದ್ದಾರೆ, ಮೇಲೆ ಹಿಮ ಬೆಳ್ಳಗೆ ಕೂತಿದೆ.

ನಮ್ಮನ್ನು ಕರೆದೊಯ್ಯಲು ಬಂದವರು ಇಬ್ಬರು. ವ್ಯಾನಿನ ಚಾಲಕ ಮರಾತ್, ದಪ್ಪ ಮೀಸೆಯ, ಮಾತಿಲ್ಲದ ಮನುಷ್ಯ. ಮಾತಿಗೆಂದು ಆಯ್ಗುಲ್ ಎಂಬ ಹುಡುಗಿ. ಅವಳು ದೆಹಲಿಯಲ್ಲಿ ಓದಿದವಳು, ಹಿಂದಿ ಚೊಕ್ಕವಾಗಿ ಬರುತ್ತದೆ. ನಮ್ಮ ಐವರಲ್ಲಿ ಹಿಂದಿ ಸಲೀಸಾಗಿ ಬರುವುದು ನೀಲಮ್ಮನಿಗೆ ಮಾತ್ರ. ಅಂಗಡಿಯವಳು, ಹತ್ತು ಊರಿನ ವ್ಯಾಪಾರಿಗಳ ಜೊತೆ ಬಾಯಿ ಬಡಿದುಕೊಂಡು ಕಲಿತದ್ದು. ನನ್ನದು ಸಂತೆಯ ಹಿಂದಿ. ಹೀಗಾಗಿ ಈ ದೇಶದ ಯಾವ ಮಾತೂ ಆಯ್ಗುಲ್‌ಳಿಂದ ನೀಲಮ್ಮನಿಗೆ ಬಂದು, ನೀಲಮ್ಮನ ಬಾಯಿಂದಲೇ ನಮಗೆ ಸಿಗಬೇಕು.

ಅಲ್ಲೇ ಇತ್ತು ತೊಡಕು. ಹಾಲಪ್ಪ ಮಾವನಿಗೆ ಪ್ರಶ್ನೆಗಳು ಮುಗಿಯುತ್ತಲೇ ಇರಲಿಲ್ಲ. ಈ ಮರ ಯಾವುದು, ಈ ಜನ ಜೋಳ ಬೆಳೀತಾರೋ ಇಲ್ಲವೋ. ಕೇಳುವುದು ನನ್ನನ್ನು. ನಾನು ನೀಲಮ್ಮನಿಗೆ, ನೀಲಮ್ಮ ಆಯ್ಗುಲ್‌ಗೆ. ಉತ್ತರ ತಿರುಗಿ ಬಂದಾಗ ನೀಲಮ್ಮ ನನ್ನ ಮುಖ ನೋಡಿಯೇ ಹೇಳುತ್ತಾಳೆ, ಹಾಲಪ್ಪ ಮಾವ ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದರೂ ನಾನು ಅದನ್ನೇ ಇನ್ನೊಮ್ಮೆ ಹೇಳುವವರೆಗೆ ತಲೆ ಆಡಿಸುವುದಿಲ್ಲ. ಅರ್ಧ ದಿನದಲ್ಲಿ ನನ್ನ ಗಂಟಲು ಬಿದ್ದುಹೋಯಿತು. ಆಯ್ಗುಲ್ ಪಾಪ, ಹಿರಿಯರಿಗೆ ಕಿವಿ ಮಂದವಿರಬೇಕು ಎಂದುಕೊಂಡು ಅವರ ಹತ್ತಿರ ಜೋರಾಗಿ ಮಾತಾಡತೊಡಗಿದಳು.

ದಾರಿಯಲ್ಲಿ

ನಾವು ಹೋಗಬೇಕಿದ್ದುದು ಇಸ್ಸಿಕ್ ಕುಲ್ ಎಂಬ ದೊಡ್ಡ ಸರೋವರದ ದಕ್ಷಿಣ ದಂಡೆಯ ಹಳ್ಳಿಗೆ. ದಾರಿ ಬೆಟ್ಟದ ಸಂದಿಯಲ್ಲಿ, ಹೊಳೆಯ ಪಕ್ಕದಲ್ಲಿ ಸಾಗುತ್ತದೆ. ಒಂದು ತಿರುವಿನಲ್ಲಿ ರಸ್ತೆಗೆ ಅಡ್ಡವಾಗಿ ಕುರಿಮಂದೆ ಬಂತು. ಮರಾತ್ ಹಾರ್ನ್ ಹೊಡೆಯದೆ ಸುಮ್ಮನೆ ನಿಲ್ಲಿಸಿದ. ಅದು ನಮಗೆಲ್ಲ ಹಿಡಿಸಿತು.

ಕುರಿಗಳನ್ನು ನೋಡಿದ್ದೇ ಹಾಲಪ್ಪ ಮಾವ ಬಾಗಿಲು ತೆಗೆಸಿಕೊಂಡು ಇಳಿದೇಬಿಟ್ಟರು. ಆ ಕುರಿಗಳಿಗೆ ಬಾಲದ ಜಾಗದಲ್ಲಿ ಕೊಬ್ಬಿನ ದೊಡ್ಡ ಗಂಟು. ಓಡುವಾಗ ಹಿಂದೆ ಎರಡು ಬುತ್ತಿಗಂಟು ಕಟ್ಟಿದಂತೆ ಕುಲುಕುತ್ತದೆ. ಮಾವ ನಗು ತಡೆಯಲಾರದೆ ನಿಂತರು. ಕುರಿಗಾರ ಕುದುರೆಯ ಮೇಲಿದ್ದ. ನಮ್ಮವರು ಮಂದೆಯ ಹಿಂದೆ ಕಾಲು ಸವೆಸುತ್ತಾರೆ, ಇವನು ಸರದಾರನ ಹಾಗೆ ಮೇಲೆ ಕೂತು ಕಾಯುತ್ತಾನೆ. ಮಾವ ಕೈ ಮಾಡಿ ಒಂದು ಕುರಿಯನ್ನು ತೋರಿಸಿದರು. ಅವನು ಇಳಿದು ಹಿಡಿದುಕೊಟ್ಟ. ಮಾವ ಅದರ ತುಟಿ ಎತ್ತಿ ಹಲ್ಲು ನೋಡಿದರು, ಅವನು ಬೆರಳೆತ್ತಿ ವಯಸ್ಸು ಹೇಳಿದ. ಮಾವ ಹೌದೆಂದರು. ತುಪ್ಪಟ ಬಿಡಿಸಿ ಬೆರಳಲ್ಲಿ ಹೊಸೆದು ಮೂಸಿ ನೋಡಿದರು, ಅವನು ಮಾವನ ಹೆಗಲ ಕಂಬಳಿಯನ್ನು ಹಿಡಿದು ಹಾಗೆಯೇ ಮೂಸಿ ನೋಡಿದ. ಎಷ್ಟೋ ಹೊತ್ತು ಹೀಗೇ ನಡೆಯಿತು. ಆಯ್ಗುಲ್ ಬೇಕಾಗಲಿಲ್ಲ, ನೀಲಮ್ಮ ಬೇಕಾಗಲಿಲ್ಲ, ನಾನೂ ಬೇಕಾಗಲಿಲ್ಲ.

ವ್ಯಾನಿನೊಳಗೆ ಕೂತ ನೀಲಮ್ಮ ಕಿಟಕಿಯಿಂದ ನೋಡುತ್ತ ನನ್ನ ಹತ್ತಿರ ಮೆಲ್ಲಗೆ ಅಂದಳು, “ಕುದುರೆಯವನ ಜೊತಿಗೆ ಮಾತಿಗೆ ಬರ್ತಾರ ನೋಡು ಗೌರಕ್ಕ. ನನ್ನ ಜೊತಿಗೆ ಬರಂಗಿಲ್ಲ.” ಅದರಲ್ಲಿ ಕುಹಕವಿರಲಿಲ್ಲ.

ಸರೋವರದ ದಂಡೆ

ಗುಲ್ಬರಾ ಎಂಬ ಹೆಂಗಸಿನ ಮನೆಯಲ್ಲಿ ನಮಗೆ ಬಿಡದಿ. ಅಲ್ಲಿ ಅಕ್ಕನಿಗೆ ಎಜೆ ಅನ್ನುತ್ತಾರೆ, ಊರಿಗೆಲ್ಲ ಆಕೆ ಗುಲ್ಬರಾ ಎಜೆ. ನನ್ನ ವಯಸ್ಸಿನವಳು, ತಲೆಗೆ ಹೂವಿನ ರುಮಾಲು, ಬಂಗಾರದ ಹಲ್ಲು. ಅವಳ ಕೈಕೆಳಗೆ ಎಂಟೊಂಬತ್ತು ಹೆಂಗಸರು ಸೇರಿ ಉಣ್ಣೆಯ ಜಮಖಾನ ಮಾಡುತ್ತಾರೆ. ನೂಲೂ ಇಲ್ಲ, ಮಗ್ಗವೂ ಇಲ್ಲ. ಉಣ್ಣೆಯನ್ನು ಹರವಿ, ಬಿಸಿನೀರು ಚಿಮುಕಿಸಿ, ಜೊಂಡಿನ ಚಾಪೆಯಲ್ಲಿ ಸುತ್ತಿ ಬಡಿದು ಬಡಿದು ಗಟ್ಟಿಗೊಳಿಸುವುದು. ವರ್ಷಾನುಗಟ್ಟಲೆ ಇವರ ತಂಡ ಒಡೆದಿಲ್ಲ ಎಂದು ಕೇಳಿಯೇ ನಾವು ಹೋಗಿದ್ದು. ಅದು ಹೇಗೆ ಎಂದು ತಿಳಿಯುವ ಕುತೂಹಲ ನನಗಂತೂ ಉಳಿದವರಿಗಿಂತ ಒಂದು ಹಿಡಿ ಜಾಸ್ತಿ ಇತ್ತು.

ಮೊದಲು ಚಹಾ. ಹಿಡಿಯಿಲ್ಲದ ಬಟ್ಟಲಲ್ಲಿ ತಳ ಮುಚ್ಚುವಷ್ಟು ಸುರಿದು ಕೊಟ್ಟಳು. ನಮ್ಮ ಕಡೆ ಬೀಗರಿಗೆ ಹೀಗೆ ಕೊಟ್ಟರೆ ಮುಂದಿನ ಹಬ್ಬಕ್ಕೆ ಬರುವುದಿಲ್ಲ. ತಂಡದ ಮುಖ್ಯಸ್ಥಳಾಗಿ ನನ್ನವರ ಮರ್ಯಾದೆ ಕಾಯಬೇಕಲ್ಲ, ಬಟ್ಟಲು ಮುಂದೆ ಮಾಡಿ, ಕಂಠಮಟ್ಟ ತುಂಬಿಸು ಎಂದು ಕೈಸನ್ನೆ ಮಾಡಿದೆ. ಗುಲ್ಬರಾ ಎಜೆಯ ಮುಖ ಸಣ್ಣದಾಯಿತು. ಆದರೂ ತುಂಬಿಸಿದಳು. ಅವಳ ಗಂಡ ಎದ್ದು ಹೋಗಿ ನಮ್ಮ ಚೀಲಗಳನ್ನು ತಂದು ಬಾಗಿಲ ಹತ್ತಿರ ಇಟ್ಟ. ಆಯ್ಗುಲ್ ಬಿದ್ದು ಬಿದ್ದು ನಕ್ಕಳು. ಇಲ್ಲಿ ಬಟ್ಟಲು ತುಂಬಿಸಿದರೆ, ಇದನ್ನು ಕುಡಿದು ಹೊರಡಿ ಎಂದು ಅರ್ಥವಂತೆ. ಸ್ವಲ್ಪ ಸ್ವಲ್ಪವೇ ಹಾಕಿದರೆ ಮತ್ತೆ ಮತ್ತೆ ಹಾಕಬೇಕಾಗುತ್ತದೆ, ಹಾಕುವಾಗಲೆಲ್ಲ ಮುಖ ನೋಡಿ ಮಾತಾಡಿಸಬೇಕಾಗುತ್ತದೆ, ಅದೇ ಪ್ರೀತಿ. ಚೀಲಗಳು ಒಳಗೆ ಹೋದವು, ನಾನು ನನ್ನ ತುಂಬು ಬಟ್ಟಲನ್ನು ನಾಚಿಕೆಯಿಂದ ಕುಡಿದೆ.

ಮಾಂಸ ತಿನ್ನದ ನೀಲಮ್ಮನಿಗೆ ಅಲ್ಲಿ ಗತಿ ದುಂಡನೆಯ ರೊಟ್ಟಿ, ಜರದಾಳು ಹಣ್ಣಿನ ಪಾಕ, ಸೌತೆಕಾಯಿ. ಊರಿಂದ ತಂದ ಶೇಂಗಾ ಚಟ್ನಿಪುಡಿಯನ್ನು ಆ ರೊಟ್ಟಿಗೆ ಸವರಿ ತಿಂದಳು. ಗುಲ್ಬರಾ ಎಜೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ಚಿಟಿಕೆ ಕೇಳಿದಳು.

ಇಷ್ಟರವರೆಗೆ ಎಲ್ಲ ನಗೆಯೇ. ಆದರೆ ಮೊದಲು ಹೊಸ್ತಿಲು ದಾಟುವಾಗಲೇ ನಾನು ತಡೆದು ನಿಂತಿದ್ದೆ. ಒಳಗೆ ಬಂದವರಿಗೆಲ್ಲ ಹಾಕಿಕೊಳ್ಳಲು ಅಲ್ಲಿ ಸಾಲಾಗಿ ಇಟ್ಟಿದ್ದುದು ಉಣ್ಣೆಯ ಚಪ್ಪಲಿಗಳು. ಬೂದು, ಬಿಳಿ, ಅಂಚಿಗೆ ಕೆಂಪು ದಾರ. ಯುಗಾದಿಯಲ್ಲಿ ನಮ್ಮ ಒಕ್ಕೂಟವನ್ನು ಬಿರುಕು ಬಿಡಿಸಿದ್ದೇ ಇಲ್ಲಿ ಅತಿಥಿಗೆ ಮಾಡುವ ಮೊದಲ ಉಪಚಾರ. ನೀಲಮ್ಮ ಅವನ್ನು ನೋಡಿದಳು, ಹಾಲಪ್ಪ ಮಾವನನ್ನು ನೋಡಿದಳು, ಬರಿಗಾಲಲ್ಲೇ ಒಳಗೆ ನಡೆದಳು. ಮಾವನೂ ಬರಿಗಾಲು. ಉಳಿದ ನಾವು ಮೂವರೂ ಅವನ್ನು ಹಾಕಿಕೊಳ್ಳಲಿಲ್ಲ. ಗುಲ್ಬರಾ ಎಜೆ ಹಿಂದುಸ್ತಾನದವರಿಗೆ ಥಂಡಿಯೇ ತಾಗುವುದಿಲ್ಲ ಎಂದುಕೊಂಡಿರಬೇಕು.

ನೆಲಕ್ಕೂ ಉಣ್ಣೆಯ ಜಮಖಾನವೇ, ಗೋಡೆಯಿಂದ ಗೋಡೆಗೆ. ಮಾವ ಅಂಚಿನಲ್ಲೇ, ಗೋಡೆ ಹಿಡಿದುಕೊಂಡು ನಡೆದರು. ಕಾಲು ಮೇಲೆ ಬಿದ್ದಾಗಲೆಲ್ಲ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಮನೆಯವರು ಅವರದೇನೋ ಬಿದ್ದುಹೋಗಿದೆ ಎಂದು ದೀಪ ಹಿಡಿದು ನೆಲ ಹುಡುಕಿದರು.

ಸುತ್ತುವ ದಿನ

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಗುಲ್ಬರಾ ಎಜೆಯ ಹೆಂಗಸರು ಸೇರಿದರು. ಕೆಲಸ ಶುರುವಾಗುತ್ತದೆ ಎಂದು ನಾನು ಸೆರಗು ಕಟ್ಟಿದೆ. ಅವರು ಕೂತು ಚಹಾ ಕುಡಿದರು. ಒಬ್ಬಳಿಗೆ ಮಂಡಿ ನೋವು. ಇನ್ನೊಬ್ಬಳಿಗೆ ರಾತ್ರಿ ನಿದ್ದೆಯಿಲ್ಲ, ಮೊಮ್ಮಗನಿಗೆ ಜ್ವರ. ಇಬ್ಬರಿಗೆ ಬೇಲಿಯ ವಿಷಯಕ್ಕೆ ಮನಸ್ತಾಪ, ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಬರೀ ಹರಟೆ ಎಂದುಕೊಂಡೆ. ಆಮೇಲೆ ಗುಲ್ಬರಾ ಎಜೆ ಎದ್ದು ಜಾಗ ತೋರಿಸುವಾಗ ಗೊತ್ತಾಯಿತು. ಮಂಡಿ ನೋವಿನವಳಿಗೆ ನೀರು ಚಿಮುಕಿಸುವ ಕೆಲಸ. ನಿದ್ದೆಗೆಟ್ಟವಳು ನಡುವೆ, ಎರಡೂ ಕಡೆಯವರ ಬಲ ಸಿಗುವಲ್ಲಿ. ಮನಸ್ತಾಪದ ಇಬ್ಬರೂ ಅಕ್ಕಪಕ್ಕ! ನಾನಾಗಿದ್ದರೆ ಒಬ್ಬಳನ್ನು ಆ ತುದಿಗೆ, ಇನ್ನೊಬ್ಬಳನ್ನು ಈ ತುದಿಗೆ ಹಾಕುತ್ತಿದ್ದೆ. ಹೀಗೇಕೆ ಎಂದು ನೀಲಮ್ಮನ ಮೂಲಕ ಗುಲ್ಬರಾ ಎಜೆಯನ್ನು ಕೇಳಿಸಿದೆ. ದೂರವಿದ್ದರೆ ಒಬ್ಬಳು ತಪ್ಪಿದ್ದು ಇನ್ನೊಬ್ಬಳಿಗೆ ದೊಡ್ಡದಾಗಿ ಕಾಣುತ್ತದೆ, ಪಕ್ಕದಲ್ಲಿದ್ದರೆ ತಾನೇ ಸರಿಮಾಡಿಕೊಳ್ಳುತ್ತಾಳೆ ಎಂದಳು. ತಾನು ಮಾತ್ರ ಕೊನೆಯ ತುದಿಗೆ ಹೋಗಿ ನಿಂತಳು. ಯಾಕೆ ಎಂದರೆ, ಅಲ್ಲಿ ನೆಲ ಇಳಿಜಾರು, ಜಾರುತ್ತದೆ ಎಂದಳು.

ಇನ್ನೊಂದು ಸೋಜಿಗ. ನಡುವೆ ಯಾರಾದರೂ “ತೊಕ್ತೊ” ಅಂದರೆ ಎಲ್ಲರೂ ನಿಲ್ಲುತ್ತಾರೆ. ನಿಲ್ಲಿ ಎಂದರ್ಥ. ಹೇಳಿದ್ದು ಯಾರು, ಯಾಕೆ ಎಂದು ಯಾರೂ ಕೇಳುವುದಿಲ್ಲ. ಎಲ್ಲ ನಿಂತ ಮೇಲೆ ಹೇಳಿದವಳೇ ತನಗೆ ಕಂಡದ್ದನ್ನು ತೋರಿಸುತ್ತಾಳೆ. ಎಷ್ಟೋ ಸಲ ಏನೂ ಇರುವುದಿಲ್ಲ. ಬೈಗುಳವೂ ಇರುವುದಿಲ್ಲ. ಹೊಳಲಿನ ಓಣಿಯಲ್ಲಿ ಉದ್ದಕ್ಕೆ ನೂಲು ಕಟ್ಟಿ ಹುಣಸೆಬೀಜದ ಗಂಜಿ ಬಳಿಯುವಾಗ ನಾನು ನೋಡಿದ್ದೇನೆ. ಎಳೆ ಹರಿದದ್ದು ನಾಲ್ವರಿಗೆ ಕಂಡರೂ ನಾಲ್ವರೂ ಹಾಲಪ್ಪ ಮಾವನ ಮುಖ ನೋಡುತ್ತಾರೆ. ಮಾವ ಅನ್ನಬೇಕು, ಆಮೇಲೆ ನಿಲ್ಲಬೇಕು. ನಮ್ಮ ಸಭೆಗಳಲ್ಲಿ ಹಾಗೆ ಎಲ್ಲರೂ ನೋಡುವುದು ನನ್ನ ಮುಖವನ್ನು.

ಉಣ್ಣೆ ಹರವಿದರು, ಹೂವಿನ ಚಿತ್ರ ಇಟ್ಟರು, ನೀರು ಚಿಮುಕಿಸಿ ಚಾಪೆ ಸುತ್ತಿದರು. ದಪ್ಪ ದಿಂಡು. ಎಲ್ಲರೂ ಅಂಗೈ ಎತ್ತಿ ಏನೋ ಬೇಡಿಕೊಂಡು ಮುಖಕ್ಕೆ ಸವರಿಕೊಂಡರು. ಹಾಲಪ್ಪ ಮಾವ ಅದನ್ನು ಗಮನಿಸಿ ತಾವೂ ಕೈ ಮುಗಿದರು. ಹಗ್ಗ ಕಟ್ಟಿ ಒಬ್ಬಳು ಎಳೆಯಲು ನಿಂತಳು. ಉಳಿದವರು ಸಾಲಾಗಿ ನಿಂತು, ಲೆಕ್ಕ ಹಾಕುತ್ತ, ಒಟ್ಟಿಗೆ ಕಾಲೆತ್ತಿ ದಿಂಡನ್ನು ಒದೆಯತೊಡಗಿದರು. ಒದೆ, ಉರುಳು. ಒದೆ, ಉರುಳು. ನಮ್ಮನ್ನೂ ಸಾಲಿಗೆ ಕರೆದರು. ಬಸವರಾಜ, ಹನುಮಕ್ಕ ಅನುಮಾನಿಸುತ್ತ ಹೋದರು. ನೀಲಮ್ಮ ಅರ್ಧ ಹೆಜ್ಜೆ ಇಟ್ಟು ನಿಂತಳು. ಹಾಲಪ್ಪ ಮಾವ ಗೋಡೆಗೆ ಬೆನ್ನು ಕೊಟ್ಟು, ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಮುಖ ಕಪ್ಪಿಟ್ಟಿತ್ತು.

ಗುಲ್ಬರಾ ಎಜೆ ಅವರತ್ತ ಕೈ ಮಾಡಿ ಏನೋ ಕೇಳಿದಳು. ನೀಲಮ್ಮ ಬಾಯಿ ತೆರೆಯುವ ಮೊದಲೇ ನಾನು ನನ್ನ ಸಂತೆಯ ಹಿಂದಿಯಲ್ಲಿ ಹೇಳಿಬಿಟ್ಟೆ, ಅವರಿಗೆ ಕಾಲು ನೋವು ಅಂತ. ಯಾರಿಗೂ ನೋವಾಗದಂತೆ ಮುಗಿಸುವುದೇ ಅಧ್ಯಕ್ಷೆಯ ಕೆಲಸ ಎಂದು ನನ್ನ ತಿಳಿವಳಿಕೆ.

ಕೂಡಲೇ ಯಾರೋ “ತೊಕ್ತೊ” ಅಂದರು. ಎಲ್ಲ ನಿಂತಿತು. ಒಬ್ಬಳು ಓಡಿಹೋಗಿ ಬಿಸಿನೀರಿನ ಬೋಗುಣಿ ತಂದಳು, ಇನ್ನೊಬ್ಬಳು ಎಂಥದೋ ಮುಲಾಮಿನ ಡಬ್ಬಿ. ಗುಲ್ಬರಾ ಎಜೆ ಮಂಡಿಯೂರಿ ಮಾವನ ಪಾದ ಹಿಡಿಯಲು ಬಂದಳು. ಮಾವ ಕಾಲು ಹಿಂದಕ್ಕೆ ಎಳೆದುಕೊಂಡರು. ನನ್ನನ್ನೊಮ್ಮೆ ನೋಡಿದರು. ಆಮೇಲೆ, ಯುಗಾದಿಯಿಂದ ಕರೆಯದ ಹೆಸರು ಕರೆದರು.

“ನೀಲವ್ವ.”

ಅವಳು ಬೆಚ್ಚಿ ತಿರುಗಿದಳು.

“ನನ್ನ ಕಾಲು ಚಲೋ ಅದಾವ ಅಂತ ಹೇಳು. ಗೌರವ್ವ ನನ್ನ ಮರ್ಯಾದಿ ಕಾಯಾಕ ಸುಳ್ಳು ಹೇಳ್ಯಾಳ. ಈಗ ನಾ ಹೇಳೋದನ್ನ ಹಂಗ ಹೇಳಬೇಕು ನೀನು. ಬಿಡಬ್ಯಾಡ, ಕೂಡಿಸಬ್ಯಾಡ.”

“ಹೇಳ್ರಿ ಯಜಮಾನ್ರ.”

“ಉಣ್ಣಿ ಅಂದ್ರ ನಮಗ ದೇವ್ರು ಕುಂದ್ರೋ ಜಾಗ. ನಾ ಕಾಲು ಹಾಕಂಗಿಲ್ಲ. ಇವ್ರ ಪದ್ಧತಿ ಇವ್ರಿಗೆ, ಅದನ್ನ ತಪ್ಪು ಅನ್ನಂಗಿಲ್ಲ. ಆದ್ರ ನಮ್ಮ ಪದ್ಧತಿ ಗೊತ್ತಿದ್ದಾಕಿ ಒಬ್ಬಾಕಿ, ನಾ ನೇಯ್ದ ಕಂಬಳಿ ಕೊಯ್ದು ಚಪ್ಪಲಿ ಮಾಡಿಸ್ಯಾಳ. ಅದನ್ನೂ ಹೇಳು.”

ನಾನು ನಡುವೆ ಹೋಗಬೇಕೆಂದು ಹೆಜ್ಜೆ ಎತ್ತುವಷ್ಟರಲ್ಲಿ ನೀಲಮ್ಮ ಆಯ್ಗುಲ್ ಕಡೆ ತಿರುಗಿ ಒಂದೊಂದೇ ಮಾತು ಹೇಳತೊಡಗಿದಳು. ಅಷ್ಟನ್ನು ಹಿಡಿಯಲು ನನ್ನ ಹಿಂದಿ ಸಾಕಾಯಿತು. ದೇವರ ಜಾಗ ಎಂದಳು. ಕಾಲು ಇಡುವುದಿಲ್ಲ ಎಂದಳು. ಕೊನೆಯ ಮಾತಿಗೆ ಬಂದಾಗ “ಒಬ್ಬಾಕಿ” ಎಂದು ಜಾರಿಕೊಳ್ಳಬಹುದಿತ್ತು. ಅವಳು ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡು, ಆ ಹೆಂಗಸು ನಾನೇ ಎಂದಳು. ಮತ್ತೂ ಎರಡು ಮಾತು ಸೇರಿಸಿದಳು.

ಭಾಷೆ ಬಾರದಿದ್ದರೂ ಹಾಲಪ್ಪ ಮಾವ ಉದ್ದ ಅಳೆದಿದ್ದರು. “ನಾ ಹೇಳಿದ್ದಕ್ಕಿಂತ ಜಾಸ್ತಿ ಆತ. ಏನ್ ಕೂಡಿಸಿದಿ?”

“ಗೊತ್ತಿದ್ದೂ ಮಾಡಿದೆ, ಮೊದ್ಲು ನಿಮ್ಮನ್ನ ಕೇಳಬೇಕಿತ್ತು, ಕೇಳಲಿಲ್ಲ ಅಂದೆ. ಅದು ನನ್ನ ಮಾತು ಯಜಮಾನ್ರ. ನಿಮ್ಮ ಲೆಕ್ಕಕ್ಕ ಹಿಡೀಬ್ಯಾಡ್ರಿ.”

ಮಾವ ಕೈಯಲ್ಲಿದ್ದ ಕಂಬಳಿಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು.

ಆಯ್ಗುಲ್ ಅದನ್ನೆಲ್ಲ ತಮ್ಮ ಭಾಷೆಗೆ ತಂದಳು. ಗುಲ್ಬರಾ ಎಜೆ ಸಮಾಧಾನದ ಮಾತು ಹೇಳಬಹುದು, ತಮ್ಮಲ್ಲಿ ತುಳಿಯುವುದು ಅಗೌರವವಲ್ಲ ಎಂದು ತಿಳಿಸಿಕೊಡಬಹುದು ಎಂದು ನಾನು ಕಾದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: ಕೈ ಹಾಕಲು ಅಡ್ಡಿಯಿದೆಯೇ? ಇಲ್ಲ, ಕೈಯಿಂದ ದಿನ ಬೆಳಗಾದರೆ ಮುಟ್ಟುತ್ತೇನೆ ಎಂದರು ಮಾವ. ಅವಳು ತನ್ನವರ ಕಡೆ ತಿರುಗಿದಳು. ಅಲ್ಲಿ ಸಣ್ಣ ವಾಗ್ವಾದವೇ ನಡೆಯಿತು. ಕೊನೆಯ ಹಂತದಲ್ಲಿ ಅವರೂ ಮಂಡಿಯೂರಿ ಮೊಣಕೈಯಿಂದ ಉರುಳಿಸುತ್ತಾರಂತೆ. ಆದರೆ ಮೊದಲಿನಿಂದಲೂ ಕೈಯಲ್ಲೇ ಮಾಡಿದರೆ ಹೊತ್ತು ಎರಡರಷ್ಟು, ಮಂಡಿ ಸವೆಯುತ್ತದೆ. ದಪ್ಪನೆಯ ತರುಣಿಯೊಬ್ಬಳು, ನನಗೆ ಹಸು ಕರೆಯುವುದಿದೆ ಎಂದು ಗೊಣಗಿ ಎದ್ದೇ ಹೋದಳು. ಗುಲ್ಬರಾ ಎಜೆ ಅವಳನ್ನು ತಡೆಯಲಿಲ್ಲ, ಮುಖವನ್ನೂ ಗಂಟಿಕ್ಕಲಿಲ್ಲ. ತಾನು ಮೊದಲು ಮಂಡಿಯೂರಿದಳು. ಉಳಿದವರೂ ಊರಿದರು. ನಡುವೆ ಒಂದು ಜಾಗ ಬಿಟ್ಟರು.

ಹಾಲಪ್ಪ ಮಾವ ಪಂಚೆ ಮೇಲೆ ಕಟ್ಟಿ, ದಿಂಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತರು. ಇನ್ನೊಂದು ಜಾಗ ಅವರ ಪಕ್ಕದಲ್ಲೇ ಖಾಲಿಯಿತ್ತು, ಹಸು ಕರೆಯಲು ಹೋದವಳದು. ಗುಲ್ಬರಾ ಎಜೆ ನೀಲಮ್ಮನಿಗೆ ಗಲ್ಲದಿಂದಲೇ ಆ ಜಾಗ ತೋರಿಸಿದಳು.

ಬಹಳ ಹೊತ್ತು ಉರುಳಿಸಿದೆವು. ಮೊಣಕೈ ಕೆಂಪಾಯಿತು, ಬಿಸಿನೀರು ಸೀರೆಯೆಲ್ಲ ತೋಯಿಸಿತು. ದಿಂಡು ಸೊಟ್ಟಗೆ ಹೋಗತೊಡಗಿದಾಗ “ತೊಕ್ತೊ” ಎಂದ ದನಿ ಎಲ್ಲಿಂದ ಬಂತೆಂದು ನಾನು ತಲೆಯೆತ್ತಿದೆ. ಹೇಳಿದ್ದು ನಮ್ಮ ಹನುಮಕ್ಕ. ಸಭೆಯಲ್ಲಿ ಇವತ್ತಿಗೂ ಒಂದು ಮಾತಾಡಿದವಳಲ್ಲ. ಎಲ್ಲರೂ ನಿಂತರು. ಅವಳು ಬೆರಳು ತೋರಿಸಿದಳು. ನೀಲಮ್ಮ ಅವಸರದಲ್ಲಿ ಮುಂದೆ ತಳ್ಳುತ್ತಿದ್ದಳು.

“ಮೆಲ್ಲಕ ನೀಲವ್ವ,” ಹಾಲಪ್ಪ ಮಾವ ಅಂದರು. “ಇದು ಅಂಗಡಿ ಅಲ್ಲ, ಗಿರಾಕಿ ಓಡಿಹೋಗಂಗಿಲ್ಲ.”

ಅವಳು ನಕ್ಕಳೋ ಇಲ್ಲವೋ ಗೊತ್ತಿಲ್ಲ, ತಲೆ ಬಗ್ಗಿಸಿದ್ದಳು. ಕೈ ಮಾತ್ರ ಮೆಲ್ಲಗಾಯಿತು. ಹಸು ಕರೆದು ಬಂದ ತರುಣಿ ಯಾರನ್ನೂ ಕೇಳದೆ ನನ್ನನ್ನು ಪಕ್ಕಕ್ಕೆ ಸರಿಸಿ ನನ್ನ ಜಾಗದಲ್ಲಿ ಕೂತಳು. ನನ್ನ ಕೈ ಸೋತಿದ್ದು ಅವಳಿಗೆ ಹೇಗೆ ಕಂಡಿತೋ. ನಾನು ನೀರಿನ ಕೆಟಲ್ ಹಿಡಿದೆ.

ಬಿಚ್ಚಿ ನೋಡಿದಾಗ ಜಮಖಾನ ಅವರ ಬೇರೆಯವುಗಳಷ್ಟು ಗಟ್ಟಿಯಿರಲಿಲ್ಲ. ಒಂದು ಅಂಚು ಮೆತ್ತಗೆ, ಎಳೆದರೆ ಉಣ್ಣೆ ಕಿತ್ತು ಬರುವಂತಿತ್ತು. ಗುಲ್ಬರಾ ಎಜೆ ಅದನ್ನು ಚೆನ್ನಾಗಿದೆ ಎನ್ನಲಿಲ್ಲ. ನಾಳೆ ಇನ್ನೊಮ್ಮೆ ಉರುಳಿಸಬೇಕು ಎಂದಳು. ಮರುದಿನವೂ ಎಲ್ಲರೂ ಮಂಡಿಯೂರಿದರು.

ಮರಳುವ ದಾರಿ

ಬಿಷ್ಕೆಕ್‌ಗೆ ಹೊರಟ ವ್ಯಾನಿನಲ್ಲಿ ನಾನು ಮುಂದೆ, ಆಯ್ಗುಲ್ ಪಕ್ಕ ಕೂತಿದ್ದೆ. ಹೊಳಲಿನವರು ಇರುತ್ತಾರೋ ಬಿಡುತ್ತಾರೋ, ಹಾಲಪ್ಪ ಮಾವ ಹೇಳಬೇಕಿತ್ತು. ಕೇಳಲು ನನಗೆ ಧೈರ್ಯ ಸಾಲದು. ಕೇಳದೆ ಇರಲೂ ಆಗದು. ಸರೋವರ ಹಿಂದೆ ಸರಿಯಿತು, ಬೆಟ್ಟದ ಸಂದಿ ಬಂತು, ಬಸವರಾಜ ನಿದ್ದೆ ಹೋದ. ಹಿಂದಿನ ಸೀಟಿನಿಂದ ಮಾವನ ದನಿ ಕೇಳಿತು. ಮಾತು ನನಗಲ್ಲ.

“ನೀಲವ್ವ, ಹೊಳಲಿನೋರು ಇರ್ತೀವಿ. ಆದ್ರ ಚಪ್ಪಲಿ ಆಗಂಗಿಲ್ಲ.”

“ಆಗಂಗಿಲ್ಲ ಅಂದ್ರ ಬ್ಯಾಡ. ಗಿರಾಕಿಗೆ ಇಲ್ಲ ಅಂತ ನಾನೇ ಹೇಳ್ತೀನಿ.”

ಸದ್ಯ ಮುಗಿಯಿತೆಂದು ನಾನು ಸೀಟಿಗೆ ಒರಗಿದೆ. ಬೇಗ ಒರಗಿದೆನೇನೋ.

“ಆದ್ರ ಯಜಮಾನ್ರ,” ನೀಲಮ್ಮ ಮುಂದುವರಿಸಿದಳು, ಈಗ ಅದು ಅಂಗಡಿಯ ದನಿ, “ನಿಮ್ಮಜ್ಜನ ಕಾಲದಿಂದ ಅದೇ ಉದ್ದ, ಅದೇ ಅಗಲ. ಪ್ಯಾಟಿ ಮನಿಯಾಗ ಅಷ್ಟು ದೊಡ್ಡ ಕಂಬಳಿ ಎಲ್ಲಿ ಹಾಸ್ಬೇಕು? ಸಣ್ಣದು ನೇಯ್ರಿ.”

“ಕಂಬಳಿ ಅಂದ್ರ ಮನಷ್ಯಾನ ಅಳತಿ ಇರಬೇಕು. ಸಣ್ಣದು ಮಾಡಿದ್ರ ಟವಲ್ ಆಕ್ಕೈತಿ.”

“ಕೂಸಿಗೆ ನೇಯಂಗಿಲ್ಲೇನು ನೀವು?”

“ಕೂಸಿಗೆ ನೇಯ್ತೀವಿ.”

“ಹಂಗಾರ ಕೂಸಿಂದೇ ನೇಯ್ರಿ. ಯಾರ ಕೂಸು ಅಂತ ನಾ ಹೇಳಂಗಿಲ್ಲ.”

“ಕೇಳಿಲ್ಲಿ, ವ್ಯಾಪಾರದಾಕಿ ಬುದ್ಧಿ ನನಗ ಹೇಳಾಕ ಬರಬ್ಯಾಡ...”

ದನಿ ಏರಿತು. ಅವಳದು ಇನ್ನೂ ಏರಿತು. ಅಂಚಿಗೆ ಬಿಳಿ ಪಟ್ಟಿ ಬೇಕು ಎಂದಳು, ಬಿಳಿ ಪಟ್ಟಿ ಯಾವ ಊರಿನ ಪದ್ಧತಿ ಎಂದರು. ಹನುಮಕ್ಕ ನಡುವೆ ಬಾಯಿ ಹಾಕಿ, ಬಿಳಿ ನೂಲು ತೆಗೆಯುವುದು ನಾವು, ನಮ್ಮನ್ನು ಯಾರು ಕೇಳಿದರು ಎಂದಳು. ಬಸವರಾಜ ಎಚ್ಚರಾಗಿ, ಬಿಳಿಯುಣ್ಣೆಗೆ ತನ್ನ ಯಂತ್ರವನ್ನು ಬೇರೆ ತೊಳೆಯಬೇಕಾಗುತ್ತದೆ ಎಂದು ಅವನದೂ ಶುರುವಾಯಿತು. ನಾಲ್ವರೂ ಒಟ್ಟಿಗೆ.

ಮರಾತ್ ಕನ್ನಡಿಯಲ್ಲಿ ಹಿಂದೆ ನೋಡಿದ. ವ್ಯಾನನ್ನು ರಸ್ತೆಯ ಪಕ್ಕಕ್ಕೆ ತೆಗೆದು ನಿಲ್ಲಿಸಿ ಆಯ್ಗುಲ್‌ಗೆ ಏನೋ ಹೇಳಿದ. ಆಯ್ಗುಲ್ ಗಾಬರಿಯಿಂದ ನನ್ನ ಕಡೆ ತಿರುಗಿದಳು. ಜಗಳ ಬಿಡಿಸಬೇಕೇ, ಒಬ್ಬರನ್ನು ಮುಂದಿನ ಸೀಟಿಗೆ ಕರೆಯಬೇಕೇ ಎಂದು ಕೇಳಿದಳು. ಬಿಡಿಸುವುದು ನನ್ನ ಕೆಲಸ ಎಂದು ಅವಳೂ ತಿಳಿದಿದ್ದಳು. ಹಿಂದೆ ತಿರುಗಿ ನೋಡಿದೆ. ಯಾರೂ ನನ್ನ ಮುಖ ನೋಡುತ್ತಿರಲಿಲ್ಲ.

ವಿಮಾನಕ್ಕೆ ಇನ್ನೂ ಹೊತ್ತಿತ್ತು. ಅವರ ಮಾತು ನಡೆಯಲಿ, ಸುತ್ತುದಾರಿ ಏನಾದರೂ ಇದ್ದರೆ ಅದನ್ನೇ ಹಿಡಿಯಲು ಮರಾತ್‌ಗೆ ಹೇಳು ಎಂದೆ.